ನೋಡುವವರಿಗೆ ಸೊಬಗು, ಇರುವವರಿಗೆ ತುಕ್ಕು

ಈ ಸಲದ ಪತ್ರಗಳೆಲ್ಲ ಒಂದೇ ಬಗೆಯವು. ದೀಪಸ್ತಂಭ, ಕಡಲಿಗೆ ಚಾಚಿದ ಗುಡ್ಡ, ಅಲೆಯೊಡೆಯುವ ಬಂಡೆ, ಹೀಗೆ ಜನ ಹುಡುಕಿಕೊಂಡು ಬರುವ ಜಾಗದ ಮಗ್ಗುಲಲ್ಲೇ ಮನೆ ಇರುವವರು ಬರೆದಿದ್ದಾರೆ. ಒಂದೇ ವಿಷಯದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತುಕ್ಕು ಹಿಡಿಯುವುದಿಲ್ಲ ಎಂದೇ ಬಾಲ್ಕನಿಗೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿಸಿದೆವು. ವರ್ಷದೊಳಗೆ ಚಹಾ ಚೆಲ್ಲಿದಂಥ ಕಂದು ಕಲೆ. ವಿಚಿತ್ರವೆಂದರೆ ಮಳೆಗೆ ನೆನೆಯುವ ಕಡೆ ಚೆನ್ನಾಗಿದೆ, ಸೂರಿನ ಕೆಳಗಿನದ್ದೇ ಕೆಟ್ಟಿದೆ. ನಾವು ಮೋಸ ಹೋದೆವೇ?

ಮೋಸವೋ ಅಲ್ಲವೋ ಎಂಬುದು ಬಿಲ್ಲಿನಲ್ಲಿ ಸ್ಟೀಲಿನ ದರ್ಜೆಯ ಯಾವ ನಂಬರ್ ಬರೆದಿದ್ದಾರೆ ಎಂಬುದರ ಮೇಲಿದೆ. ಸಾಮಾನ್ಯವಾಗಿ ಸಿಗುವುದು 304. ಇದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಕಡಲಂಚಿಗೆ ಬೇಕಾದದ್ದು 316. ಅದರಲ್ಲಿ ಇವುಗಳ ಜೊತೆ ನೂರಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಎಂಬ ಲೋಹ ಇದ್ದು, ಉಪ್ಪು ಕೊರೆಯುವ ಸಣ್ಣ ಸಣ್ಣ ಗುಳಿಗಳನ್ನು ತಡೆಯುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಮಾಲಿಬ್ಡಿನಂ ಪತ್ತೆಹಚ್ಚುವ ದ್ರಾವಣದ ಹನಿ ಹಾಕಿಯೇ ನೋಡಬೇಕು.

ಸೂರಿನಡಿಯದ್ದೇ ಕೆಟ್ಟದ್ದರಲ್ಲಿ ವಿಚಿತ್ರವೇನೂ ಇಲ್ಲ. ಮಳೆ ಬೀಳುವ ಕಡೆ ಪುಕ್ಕಟೆಯಾಗಿ ತೊಳೆತವಾಗುತ್ತದೆ. ಸೂರಿನಡಿ ಉಪ್ಪು ಕೂತಲ್ಲೇ ಕೂರುತ್ತದೆ. ಗಾಳಿಯ ತೇವ ನೂರಕ್ಕೆ 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ 33 ಆದರೂ ಸಾಕು. ಕಣ್ಣಿಗೆ ಒಣಗಿದಂತೆ ಕಂಡರೂ ಕಂಬಿಯ ಮೇಲೆ ಸದಾ ಉಪ್ಪುನೀರಿನ ತೆಳು ಪದರ ಇದ್ದೇ ಇರುತ್ತದೆ.

ಮಾಡಬೇಕಾದದ್ದು ಇಷ್ಟು. ಮೊದಲು ಸಿಹಿನೀರು ಹಾಯಿಸಿ, ಮೆತ್ತನೆ ಬಟ್ಟೆಗೆ ಪಾತ್ರೆ ತೊಳೆಯುವ ಸೋಪು ಹಾಕಿ ಒರೆಸಿ. ಕಲೆ ಉಳಿದರೆ ಒಂದು ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಬಟ್ಟೆಯಿಂದ ಹಚ್ಚಿ, ಅರ್ಧ ಗಂಟೆ ಒಣಗದಂತೆ ನೋಡಿಕೊಂಡು ಚೆನ್ನಾಗಿ ತೊಳೆಯಿರಿ. ಕೈಗವಸು ಇರಲಿ. ಕೆಳಗೆ ಅಮೃತಶಿಲೆಯ ನೆಲವಿದ್ದರೆ ಪ್ಲಾಸ್ಟಿಕ್ ಹಾಸಿ, ಹನಿ ಬಿದ್ದಲ್ಲೆಲ್ಲ ಹೊಳಪು ಹೋಗುತ್ತದೆ. ಕಬ್ಬಿಣದ ನಾರಿನಿಂದ ಉಜ್ಜಲೇಬೇಡಿ: ಮುರಿದ ಎಳೆಗಳು ಮೇಲ್ಮೈಗೆ ಸಿಕ್ಕಿಕೊಂಡು ತಾವೇ ತುಕ್ಕು ಹಿಡಿಯುತ್ತವೆ. ಬ್ಲೀಚಿಂಗ್ ದ್ರವವೂ ಬೇಡ, ಅದರ ಕ್ಲೋರಿನ್‌ಗೂ ಉಪ್ಪಿನದೇ ಬುದ್ಧಿ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಬರೀ ನೀರು ಹಾಯಿಸಿದರೆ ಸಾಕು. ಅಲೆಯ ತುಂತುರು ನೇರ ಬೀಳುವ ಮನೆಯಾದರೆ ವಾರಕ್ಕೊಮ್ಮೆ. ಎ.ಸಿ.ಯ ಹೊರಗಿನ ಯೂನಿಟ್ಟಿಗೂ ಇದೇ ಉಪಚಾರ. ಕರೆಂಟ್ ಆರಿಸಿ, ಪೈಪಿನ ನೀರನ್ನು ಮೆಲ್ಲಗೆ ಬಿಡಿ. ಜೋರು ಒತ್ತಡದ ಪಂಪು ಬಳಸಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯೇ ಆಡುವುದಿಲ್ಲ.

ಕೇಳದಿದ್ದರೂ ಒಂದು ಮಾತು. ಕಿಟಕಿಯ ಹಿತ್ತಾಳೆ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹಾಕಿದ್ದರೆ ಇವತ್ತೇ ಬದಲಿಸಿ. ಎರಡು ಲೋಹ ಉಪ್ಪುನೀರಿನಲ್ಲಿ ಕೂಡಿದರೆ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತವೆ, ಸವೆಯುವ ಪಾಳಿ ಕಬ್ಬಿಣದ್ದು. ಬಿಜಾಗರಿ ದೊಡ್ಡದು, ಸ್ಕ್ರೂ ಚಿಕ್ಕದು. ಸವೆತವೆಲ್ಲ ಆ ಚಿಕ್ಕದರ ತಲೆಯ ಮೇಲೇ. ಬಿಜಾಗರಿ ಫಳಫಳ ಹೊಳೆಯುತ್ತಿರುವಾಗಲೇ ಕಿಟಕಿ ಕಳಚಿ ಬೀಳುವುದು ಹೀಗೆ.

ಪ್ರಶ್ನೆ: ಕಬ್ಬಿಣದ ಗೇಟಿಗೆ ವರ್ಷವರ್ಷ ಬಣ್ಣ ಹೊಡೆದರೂ ಗುಳ್ಳೆ ಏಳುತ್ತದೆ. ದುಬಾರಿ ಬಣ್ಣ ತರಬೇಕೇ?

ಬಣ್ಣದಲ್ಲಿ ತಪ್ಪಿರಲಾರದು. ಉಪ್ಪಿನ ಮೇಲೆ ಬಣ್ಣ ಹೊಡೆದಿದ್ದೀರಿ. ಒಳಗೆ ಸಿಕ್ಕಿದ ಉಪ್ಪು ಬಣ್ಣದ ಪದರದ ಮೂಲಕವೇ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಚುಚ್ಚಿ ನೋಡಿ, ಒಳಗೆ ನೀರಿರುತ್ತದೆ.

ಉಜ್ಜುವ ಮುನ್ನ ಒಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಉಪ್ಪನ್ನು ಲೋಹದ ಗೀರುಗಳಿಗೆ ತುಂಬಿದಂತೆಯೇ. ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಮತ್ತೆ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ಅದೇ ದಿನ ಸತು ಹೆಚ್ಚಿರುವ ಪ್ರೈಮರ್ ಹಚ್ಚಿ. ಅದರ ಮೇಲೆ ಎಪಾಕ್ಸಿ ಬಣ್ಣ, ಕೊನೆಗೆ ಪಾಲಿಯುರೆಥೇನ್ ಬಣ್ಣ. ಎಪಾಕ್ಸಿಯನ್ನೇ ಕೊನೆಯ ಪದರವಾಗಿ ಬಿಟ್ಟರೆ ಬಿಸಿಲಿಗೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಇಬ್ಬನಿ ಆರುವ ಮುನ್ನ, ಸಂಜೆ ತಂಪೇರಿದ ಮೇಲೆ ಬ್ರಷ್ ಹಿಡಿಯಬೇಡಿ. ಚೂಪು ಅಂಚು ಮತ್ತು ಬೆಸುಗೆಯ ಜಾಗದಲ್ಲಿ ಬಣ್ಣ ತೆಳುವಾಗಿ ಸರಿದುಬಿಡುತ್ತದೆ, ಅಲ್ಲಿಗೆ ಮೊದಲೇ ಒಂದು ಕೈ ಹೆಚ್ಚು ಹೊಡೆಯಿರಿ.

ಪ್ರಶ್ನೆ: ಸೂರ್ಯಾಸ್ತ ನೋಡಲು ಬರುವವರು ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾರೆ, ಕಾಂಪೌಂಡ್ ಮೇಲೆ ಕೂರುತ್ತಾರೆ, ಕಸ ಬಿಡುತ್ತಾರೆ, ಕಿಟಕಿಯೊಳಗೆ ಇಣುಕುತ್ತಾರೆ. ಜಗಳವಾಡಿ ಸಾಕಾಗಿದೆ.

ಇವತ್ತು ಜಗಳವಾಡಿ ಕಳಿಸಿದವರು ನಾಳೆ ಬರುವುದಿಲ್ಲ, ನಾಳೆ ಬರುವವರೇ ಬೇರೆ. ಬುದ್ಧಿ ಹೇಳಿ ಮುಗಿಯುವ ಕೆಲಸವಲ್ಲ ಇದು. ಜಾಗವೇ ಮಾತಾಡುವಂತೆ ಮಾಡಬೇಕು.

ಗೇಟಿನಿಂದ ಶುರು ಮಾಡೋಣ. ‘ನೋ ಪಾರ್ಕಿಂಗ್’ ಎಂದರೆ ಐದೇ ನಿಮಿಷ ಎಂದುಕೊಂಡು ನಿಲ್ಲಿಸುವವರು ಹೆಚ್ಚು. ‘ಈ ಗೇಟಿನಿಂದ ಯಾವಾಗ ಬೇಕಾದರೂ ವಾಹನ ಹೊರಬರುತ್ತದೆ’ ಎಂದು ಬರೆಯಿರಿ, ಕೆಳಗೆ ‘ಪಾರ್ಕಿಂಗ್ ಈ ಕಡೆ, 200 ಮೀಟರ್’ ಎಂದು ಬಾಣ ಹಾಕಿ. ಬೇಡ ಎಂದಷ್ಟೇ ಹೇಳುವ ಫಲಕ ಸೋಲುತ್ತದೆ, ಎಲ್ಲಿಗೆ ಹೋಗಬೇಕೆಂದು ತೋರಿಸುವುದು ಗೆಲ್ಲುತ್ತದೆ. ಶೌಚಾಲಯ ಎಲ್ಲಿದೆ ಎಂಬುದನ್ನೂ ಸೇರಿಸಿದರೆ ಬಾಗಿಲು ತಟ್ಟುವವರು ಅರ್ಧಕ್ಕರ್ಧ ಕಡಿಮೆಯಾದಾರು. ಅಕ್ಷರದ ಎತ್ತರ, ಓದುವ ಪ್ರತಿ 3 ಮೀಟರ್ ದೂರಕ್ಕೆ ಎರಡೂವರೆ ಸೆಂಟಿಮೀಟರ್. 15 ಮೀಟರಿನಿಂದ ಚಾಲಕನಿಗೆ ಕಾಣಬೇಕಾದರೆ ಹನ್ನೆರಡೂವರೆ ಸೆಂಟಿಮೀಟರ್ ಬೇಕು. ಹೆಚ್ಚಿನ ಮನೆಗಳ ಫಲಕ ಇದರ ಕಾಲುಭಾಗವೂ ಇರುವುದಿಲ್ಲ.

ನಿಮ್ಮದೇ ಜಾಗದ ಅಂಚಿನಲ್ಲಿ ಗಿಡ್ಡ ಕಂಬ ನೆಡುವುದಾದರೆ ನಡುವೆ 1.2ರಿಂದ 1.4 ಮೀಟರ್ ಬಿಡಿ. ಕಾರು ನುಗ್ಗುವುದಿಲ್ಲ, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಗೇಟಿನ ಎದುರಿನ ಕಂಬ ಬೀಗ ತೆಗೆದು ಕಳಚುವಂಥದ್ದಿರಲಿ; ಆಂಬುಲೆನ್ಸ್ ಬಂದಾಗ ಹಾರೆ ಹುಡುಕುವಂತಾಗಬಾರದು. ಸಾರ್ವಜನಿಕ ರಸ್ತೆಯಲ್ಲಿ ಮಾತ್ರ ಅನುಮತಿ ಇಲ್ಲದೆ ಕಲ್ಲನ್ನೂ ಇಡಬೇಡಿ. ಯಾರಾದರೂ ಎಡವಿ ಬಿದ್ದರೆ ಹೊಣೆ ನಿಮ್ಮದೇ.

ಕಾಂಪೌಂಡ್ ಮೇಲೆ ಕೂರುವುದಕ್ಕೆ ಕಾರಣ ಅದರ ಎತ್ತರ. 45 ಸೆಂಟಿಮೀಟರ್ ಎತ್ತರದ, ಮೇಲೆ ಚಪ್ಪಟೆಯಾಗಿರುವ ಗೋಡೆ ಎಂದರೆ ಬೆಂಚೇ ಸರಿ. ತಲೆಯ ಮೇಲೆ ಎರಡೂ ಬದಿಗೆ ಇಳಿಜಾರಾಗಿ ಗಾರೆ ಮಾಡಿಸಿ. ಗಾಜಿನ ಚೂರು ನೆಡುವುದು ಬೇಡ, ಮೊದಲು ಗಾಯವಾಗುವುದು ಮಕ್ಕಳಿಗೆ. ಇಳಿಜಾರಿನಿಂದ ಮಳೆನೀರೂ ನಿಲ್ಲದೆ ಹರಿದು ಗೋಡೆ ಬಾಳುತ್ತದೆ.

ಕಸದ ಡಬ್ಬಿ ಇಡಬೇಕೇ ಎಂದೂ ಕೆಲವರು ಕೇಳಿದ್ದಾರೆ. ದಿನಾ ಖಾಲಿ ಮಾಡುವವರು ಗೊತ್ತಾಗಿದ್ದರೆ ಮಾತ್ರ ಇಡಿ. ತುಂಬಿ ಚೆಲ್ಲುವ ಡಬ್ಬಿ ಇನ್ನಷ್ಟು ಕಸವನ್ನು ಕರೆಯುತ್ತದೆ, ಕಡಲಗಾಳಿ ಅದನ್ನು ಅಂಗಳದ ತುಂಬ ಹರಡುತ್ತದೆ.

ಇಣುಕುವುದಕ್ಕೆ ಕನ್ನಡಿಯಂಥ ಫಿಲ್ಮ್ ಅಂಟಿಸುವವರಿದ್ದಾರೆ. ಹಗಲು ಅದು ಸರಿ. ಕತ್ತಲಾಗಿ ಒಳಗೆ ದೀಪ ಹಚ್ಚಿದಿರೋ ಲೆಕ್ಕ ತಿರುವುಮುರುವು: ಹೊರಗಿನವರಿಗೆ ಎಲ್ಲ ಕಾಣುತ್ತದೆ, ನಿಮಗೆ ನಿಮ್ಮ ಮುಖವೇ ಕಾಣುತ್ತದೆ. ಗಾಜಿನ ಕೆಳಗಿನ ಅರ್ಧಕ್ಕೆ ಮಬ್ಬು ಫಿಲ್ಮ್ ಹಾಕಿದರೆ ಎರಡೂ ಹೊತ್ತು ಮರೆ, ಮೇಲಿನರ್ಧದಲ್ಲಿ ಆಕಾಶ ಉಳಿಯುತ್ತದೆ.

ಪ್ರಶ್ನೆ: ಜನ ಹೆಚ್ಚಾದಂತೆ ಸುತ್ತ ಬಾವಿ, ಪಂಪುಗಳೂ ಹೆಚ್ಚಿವೆ. ನಮ್ಮ ಬಾವಿ ನೀರು ತುಸು ಉಪ್ಪೆನಿಸುತ್ತಿದೆ. ಇನ್ನೂ ಆಳ ತೋಡಿಸೋಣವೇ?

ಬೇಡ. ಕಡಲಂಚಿನ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ್ದು 1.025. ಹಾಗಾಗಿ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ. ಈ ಲೆಕ್ಕ ಉಲ್ಟಾ ಹೊಡೆದಾಗಲೇ ಆಪತ್ತು. ಮೇಲಿನ ಮಟ್ಟ ಕಾಲು ಮೀಟರ್ ಇಳಿದರೆ ಕ್ರಮೇಣ ಕೆಳಗಿನ ಉಪ್ಪು 10 ಮೀಟರ್ ಮೇಲೇರುತ್ತದೆ. ಆಳ ತೋಡುವುದೆಂದರೆ ನೀವೇ ಅದರ ಬಳಿಗೆ ಹೋದಂತೆ.

ಪಂಪನ್ನು ಒಂದೇ ಸಮ ಓಡಿಸದೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಎತ್ತಿ ತೊಟ್ಟಿಯಲ್ಲಿ ತುಂಬಿಕೊಳ್ಳಿ. ಚಾವಣಿಯ ಮಳೆನೀರನ್ನು ಸೋಸಿ ನೆಲಕ್ಕೆ ಇಂಗಿಸಿ. ವಾರಕ್ಕೊಮ್ಮೆ, ಒಮ್ಮೆ ಉಬ್ಬರದಲ್ಲಿ ಒಮ್ಮೆ ಇಳಿತದಲ್ಲಿ, ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿ.ಡಿ.ಎಸ್. ಮೀಟರಿನಿಂದ ಅಳೆದು ಬರೆದಿಡಿ. ಏರುತ್ತಲೇ ಹೋದರೆ ನೆರೆಹೊರೆಯವರನ್ನು ಕೂಡಿಸಿ ಮಾತಾಡುವ ಹೊತ್ತು ಬಂದಿದೆ, ಏಕೆಂದರೆ ಕೆಳಗಿನ ನೀರಿಗೆ ಬೇಲಿಯಿಲ್ಲ. ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಆದರೆ ನಾಲಗೆಗೆ ಉಪ್ಪು ತಟ್ಟುತ್ತದೆ. ಸುಮಾರು ಎಪ್ಪತ್ತೈದು ಬಕೆಟ್ ಸಿಹಿನೀರಿಗೆ ಒಂದೇ ಬಕೆಟ್ ಕಡಲನೀರು ಬೆರೆತರೆ ಅಷ್ಟಾಗುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಪ್ರಶ್ನೆ: ದೀಪಸ್ತಂಭದ ಬೆಳಕು ರಾತ್ರಿಯಿಡೀ ಮಲಗುವ ಕೋಣೆಯ ಗೋಡೆ ಮೇಲೆ ಹಾಯುತ್ತದೆ. ದೂರು ಕೊಡಬಹುದೇ?

ದೂರಿಗಿಂತ ಕೋರಿಕೆ ಒಳ್ಳೆಯದು. ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ 1823ರಲ್ಲಿ ಮೊದಲು ಬಳಕೆಗೆ ಬಂದ ಫ್ರೆನೆಲ್ ಮಸೂರದ ಕೆಲಸವೇ ಬೆಳಕನ್ನೆಲ್ಲ ಒಟ್ಟುಗೂಡಿಸಿ ದಿಗಂತದ ಕಡೆ ಮಟ್ಟಸವಾಗಿ ಕಳಿಸುವುದು. ಮುಖ್ಯ ಕಿರಣ ನಿಮ್ಮ ಸೂರಿನ ಎಷ್ಟೋ ಮೇಲೆ ಹಾದುಹೋಗುತ್ತದೆ. ಕೋಣೆಗೆ ಬರುವುದು ಚದುರಿದ ಬೆಳಕು. ನೆಲದ ಕಡೆಗೆ ಹಡಗುಗಳಿಲ್ಲದ್ದರಿಂದ ಆ ಬದಿಯ ಗಾಜಿಗೆ ಮರೆ ಹಾಕುವುದು ಹಲವು ಕಡೆ ರೂಢಿ. ದೀಪ ನೋಡಿಕೊಳ್ಳುವ ಇಲಾಖೆಗೆ ಕಿಟಕಿಯ ದಿಕ್ಕು ಮತ್ತು ಹೊತ್ತು ನಮೂದಿಸಿ ಬರೆದು ಕೇಳಿ. ಅಷ್ಟರವರೆಗೆ ದಪ್ಪ ಪರದೆಯನ್ನು ಚೌಕಟ್ಟಿಗಿಂತ ನಾಲ್ಕೂ ಬದಿ 15 ಸೆಂಟಿಮೀಟರ್ ಹೆಚ್ಚಿಗೆ ಇಳಿಬಿಡಿ, ಬೆಳಕು ನುಸುಳುವುದು ಅಂಚಿನಿಂದಲೇ. ಸೇಡಿಗೆಂದು ಕಡಲ ಕಡೆಗೆ ಮಿನುಗುವ ದೀಪ ಹಾಕಿಸಬೇಡಿ. ನಾವಿಕರು ದೀಪಸ್ತಂಭವನ್ನು ಗುರುತಿಸುವುದು ಅದರ ಮಿನುಗಿನ ಲೆಕ್ಕದಿಂದ.