ತಿದ್ದಿದ ತಪ್ಪು ಎಂದು ಸುಮ್ಮನಿರಬಹುದೇ?

ಪ್ರಶ್ನೆ: ಬೆಣ್ಣಿಹಳ್ಳದ ಪ್ರವಾಹದ ಸಿಮ್ಯುಲೇಶನ್ ಅನ್ನು ವಿಭಾಗದ ಸರ್ವರಿನಲ್ಲಿ ಓಡಿಸುತ್ತಿದ್ದೇವೆ. 32 ಜಿಬಿಯ 8 ರ್‍ಯಾಮ್‌ಗಳಿವೆ, ಎಲ್ಲವೂ ಇಸಿಸಿ, ಅಂದರೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಗೆಯವು. ಐದು ದಿನದ ಲೆಕ್ಕ ಮೂರನೇ ದಿನಕ್ಕೇ ನಿಂತಿತು. ಲಾಗ್ ತೆಗೆದರೆ ಒಂದೇ ಸ್ಲಾಟಿನಲ್ಲಿ ‘ತಿದ್ದಿದ ದೋಷ’ ನೂರಾರು ಸಲ ಬಂದಿದೆ. ತಿದ್ದಿದ ಮೇಲೆ ಚಿಂತೆ ಏಕೆ? ಡಿಡಿಆರ್5 ಎಂಬ ಹೊಸ ಪೀಳಿಗೆಯ ರ್‍ಯಾಮ್ ಇರುವ ಡೆಸ್ಕ್‌ಟಾಪಿನಲ್ಲಿ ಇಸಿಸಿ ಒಳಗೇ ಇದೆ ಎಂದು ಅಂಗಡಿಯವರು ಹೇಳುತ್ತಾರೆ, ನಿಜವೇ?
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಚಿಂತೆ ಮಾಡಲೇಬೇಕು. ನಿಮ್ಮಂಥ ಸರ್ವರಿನಲ್ಲಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲಿರುತ್ತದೆ. ಒಂದು ಬಿಟ್ ತಿರುಗಿದರೆ, ಅಂದರೆ 0 ಇದ್ದದ್ದು 1 ಅಥವಾ 1 ಇದ್ದದ್ದು 0 ಆದರೆ, ತಿದ್ದಿಕೊಳ್ಳುತ್ತದೆ. ಎರಡು ತಿರುಗಿದರೆ ಗುರುತಿಸಬಲ್ಲದೇ ಹೊರತು ತಿದ್ದಲಾರದು, ಆಗ ಕೆಲಸ ನಿಲ್ಲುತ್ತದೆ. ಕಾಸ್ಮಿಕ್ ಕಿರಣದ ಪೆಟ್ಟು ಎಲ್ಲೋ ಒಮ್ಮೆ, ಯಾವ ರ್‍ಯಾಮಿಗಾದರೂ ಬೀಳಬಹುದು. ಒಂದೇ ಕಡೆ ನೂರಾರು ಬಂದರೆ ಅದು ಕೆಟ್ಟ ರ್‍ಯಾಮ್, ಇಲ್ಲವೇ ಕೆಟ್ಟ ಸಂಪರ್ಕ.

ಸರ್ವರ್ ಬಂದ್ ಮಾಡಿ, ವಿದ್ಯುತ್ ತಂತಿ ಕಳಚಿ, ಆ ರ್‍ಯಾಮನ್ನು ಪಕ್ಕದ ಚಾನೆಲಿನ (ಪ್ರೊಸೆಸರಿಗೆ ಹೋಗುವ ಬೇರೊಂದು ದಾರಿಯ) ರ್‍ಯಾಮ್ ಜೊತೆ ಅದಲುಬದಲು ಮಾಡಿ. ಇಂಥ ದೋಷಗಳನ್ನು ದಾಖಲಿಸುವ ರಾಸ್‌ಡೀಮನ್ ತಂತ್ರಾಂಶ ಚಾಲೂ ಇಟ್ಟು ಎಣಿಕೆ ನೋಡುತ್ತಿರಿ. ದೋಷ ರ್‍ಯಾಮಿನ ಬೆನ್ನು ಹತ್ತಿ ಹೋದರೆ ರ್‍ಯಾಮ್ ಬದಲಿಸಿ. ಸ್ಲಾಟಿನಲ್ಲೇ ಉಳಿದರೆ ಮೊದಲು ಧೂಳು ತೆಗೆಯಿರಿ, ಆಮೇಲೆ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಸಾಕೆಟ್ ತೋರಿಸಿ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ‘ಪಾಸ್’ ಎಂದರೂ ನಂಬಿ ಕೂಡಬೇಡಿ: ಇಸಿಸಿ ತಿದ್ದಿಕೊಟ್ಟ ತಪ್ಪು ಅದರ ಕಣ್ಣಿಗೆ ಬೀಳದೇ ಹೋಗಬಹುದು.

ಮೂರು ದಿನದ ಲೆಕ್ಕ ಕಳೆದುಕೊಂಡದ್ದು ಚೆಕ್‌ಪಾಯಿಂಟ್ ಇಲ್ಲದ್ದಕ್ಕೆ, ಅಂದರೆ ನಡುನಡುವೆ ಲೆಕ್ಕದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡದ್ದಕ್ಕೆ. ಎಷ್ಟು ಹೊತ್ತಿಗೊಮ್ಮೆ ಬರೆಯಬೇಕೆಂಬುದಕ್ಕೆ 1974ರಲ್ಲಿ ಜಾನ್ ಯಂಗ್ ಕೊಟ್ಟ ಸೂತ್ರ ಇಂದಿಗೂ ಸಾಕು: ಒಮ್ಮೆ ಬರೆಯಲು ಹಿಡಿಯುವ ಸಮಯವನ್ನು ಎರಡು ಕೆಡುಕುಗಳ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಎರಡರಷ್ಟು ಮಾಡಿ, ವರ್ಗಮೂಲ ತೆಗೆಯಿರಿ. ಬರೆಯಲು 5 ನಿಮಿಷ, ಕೆಡುಕು ಸರಾಸರಿ 1440 ನಿಮಿಷಕ್ಕೊಮ್ಮೆ ಎಂದಾದರೆ 120 ನಿಮಿಷ ಬರುತ್ತದೆ. ಹಳೆಯ ಕಡತದ ಮೇಲೆಯೇ ಬರೆಯಬೇಡಿ. ಹೊಸ ಹೆಸರಿನಲ್ಲಿ ಬರೆದು, ಚೆಕ್‌ಸಮ್ (ಕಡತ ಸರಿಯಾಗಿ ಬರೆದಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ನೋಡಿ, ಕೊನೆಯ ಮೂರನ್ನು ಇಟ್ಟುಕೊಳ್ಳಿ. ತಪ್ಪು ಸಂಖ್ಯೆ ಆಗಲೇ ಕಡತದೊಳಗೆ ಸೇರಿದ್ದರೆ ಹಿಂದಕ್ಕೆ ಹೋಗಲು ದಾರಿ ಬೇಕು.

ಡಿಡಿಆರ್5 ವಿಷಯದಲ್ಲಿ ಅಂಗಡಿಯವರ ಮಾತು ಅರ್ಧ ಸತ್ಯ. ಒಳಗಿನ ಇಸಿಸಿ ಚಿಪ್ಪಿನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಗೆ ಅದರ ಕಾವಲಿಲ್ಲ, ನಿಮ್ಮ ಲಾಗಿಗೂ ಸುದ್ದಿ ಬರುವುದಿಲ್ಲ. ಇಸಿಸಿ ರ್‍ಯಾಮನ್ನೇ ಕೇಳಿ; ಬೋರ್ಡ್, ಪ್ರೊಸೆಸರ್ ಎರಡೂ ಅದಕ್ಕೆ ಒಪ್ಪುತ್ತವೆಯೇ ನೋಡಿ.

ನಿಂತ ಲೆಕ್ಕಕ್ಕಿಂತ ನಿಲ್ಲದೆ ಸುಳ್ಳು ಉತ್ತರ ಕೊಡುವ ಲೆಕ್ಕ ನಮಗೆ ಹೆಚ್ಚು ಭಯ. 64 ಬಿಟ್ ದಶಮಾಂಶ ಸಂಖ್ಯೆಯಲ್ಲಿ 1 ಬಿಟ್ ಚಿಹ್ನೆಯದ್ದು, 11 ಬಿಟ್ ಘಾತದ್ದು, ಅಂದರೆ ಸಂಖ್ಯೆ ಎಷ್ಟು ದೊಡ್ಡದೆಂದು ಹೇಳುವ ಭಾಗದ್ದು. ಘಾತದಲ್ಲಿ ತಪ್ಪಾದರೆ ನೀರಿನ ಮಟ್ಟ ಒಮ್ಮೆಲೇ ಆಕಾಶಕ್ಕೇರಿ ನಿಮಗೆ ತಿಳಿಯುತ್ತದೆ. ಉಳಿದ 52 ಬಿಟ್ಟುಗಳ ಬಾಲದಲ್ಲಾದದ್ದು ಕಾಣುವುದೇ ಇಲ್ಲ. ಅದಕ್ಕೇ ಪ್ರತಿ ಚೆಕ್‌ಪಾಯಿಂಟಿಗೂ ಮುಂಚೆ ನೀರಿನ ಜಮಾಖರ್ಚು ತಾಳೆ ಹಾಕಿ: ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದರೆ ನಿಂತ ನೀರಿನ ಹೆಚ್ಚಳಕ್ಕೆ ಸಮನಾಗಬೇಕು. ಆಗದಿದ್ದರೆ ಆ ಕಡತ ಬರೆಯದೆ ಹಿಂದಿನದರಿಂದ ಮತ್ತೆ ಓಡಿಸಿ.