ಅಜ್ಜನ ಕೇಪಿನ ಬಂದೂಕಿಗೆ ಮನೆಯಲ್ಲೇ ಕಾಗದದ ಕಾಡತೂಸು ಕಟ್ಟಬಹುದಾ? ಯಾವ ಕಾಗದ ಒಳ್ಳೆಯದು?

ಕಾಗದದ ಮಾತು ಆಮೇಲೆ. ನರಗುಂದದ ಕಡೆಯವರು, ಅಜ್ಜ ಬಿಟ್ಟುಹೋದ ಕೇಪಿನ ರೈಫಲ್ (ಬಾಯಿಂದ ಮದ್ದು ತುಂಬಿ, ಹಿಂದೆ ಸಿಡಿಯೋ ಕೇಪು ಇಟ್ಟು ಹಾರಿಸೋದು), ಯೂಟ್ಯೂಬಿನಲ್ಲಿ ಎನ್‌ಫೀಲ್ಡ್ ಅನ್ನೋ ಹಳೇ ಬ್ರಿಟಿಷ್ ರೈಫಲ್ ಹಾರಿಸೋ ವಿಡಿಯೋ ನೋಡಿ ಆಸೆ ಹುಟ್ಟಿದೆ ಅಂತ ಬರೆದಿದ್ದೀರಿ. ನನಗೂ ಆ ಹುಚ್ಚು ಹಿಡಿದಿತ್ತು. ನನ್ನ ಬಲಗೈ ಹೆಬ್ಬೆರಳ ತುದಿಗೆ ಇವತ್ತಿಗೂ ಚಹಾ ಲೋಟದ ಬಿಸಿ ಗೊತ್ತಾಗಲ್ಲ.

ನಮ್ಮದು ಕಲಘಟಗಿ ತಾಲ್ಲೂಕು, ಅಡವಿ ಅಂಚಿನ ಹೊಲ. ಗೋವಿನಜೋಳ ತೆನೆ ಕಟ್ಟಿದ್ರೆ ಸಾಕು, ಕಾಡುಹಂದಿ ಇಳೀತಾವೆ. ಕಾಕಾನ ಹೆಸರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಬಂದೂಕಿತ್ತು. ಅದಕ್ಕೆ ಇದ್ದ ಕೆಲಸ ಒಂದೇ. ರಾತ್ರಿ ಅಟ್ಟಣಿಗೆ ಮೇಲಿಂದ ಆಕಾಶಕ್ಕೆ ಒಂದು ಬರಿ ಈಡು. ಗುಂಡೂ ಇಲ್ಲ, ಚರೆಯೂ ಇಲ್ಲ. ಸಪ್ಪಳಕ್ಕೆ ಹಂದಿ ಓಡಬೇಕು, ಅಷ್ಟೇ.

ಕಾಕಾ ಈಡು ತುಂಬೋದು ನೋಡಿದ್ರೆ ನನಗೆ ಸಿಟ್ಟು ಬರ್ತಿತ್ತು. ಮೊದಲು ಗಜದ, ಅಂದ್ರೆ ಈಡು ಜಡಿಯೋ ಸರಳಿನ, ತುದಿಗೆ ಹಸಿ ಅರಿವಿ (ಬಟ್ಟೆ) ಸುತ್ತಿ ನಳಿಗೆ ತುಂಬ ಆಡಿಸೋದು. ಆಮೇಲೆ ಒಣ ಅರಿವಿ. ಒಂದು ಬೀಡಿ ಸೇದಿ ಮುಗಿಸೋವಷ್ಟು ಹೊತ್ತು ಸುಮ್ನೆ ಕೂರೋದು. ಅದಾದ ಮೇಲೆ ಮದ್ದು ಅಳೆದು ಹಾಕೋದು. ಅಷ್ಟರಲ್ಲಿ ಹಂದಿ ಎರಡು ಸಾಲು ಮುಗಿಸಿರುತ್ತಿದ್ದವು. ವಿಡಿಯೋದವನು ಕಾಗದದ ಕೊಳವೆ ಹರಿದು, ಸುರಿದು, ಜಡಿದು, ಢಂ ಅನ್ನಿಸ್ತಿದ್ದ. ನಾನೂ ಮಗಳ ನೋಟ್‌ಬುಕ್ ಹಾಳೆ ಹರಿದು, ಪೆನ್ಸಿಲಿಗೆ ಸುತ್ತಿ, ಗೋಂದು ಹಚ್ಚಿ ಕೊಳವೆ ಮಾಡಿದೆ. ಒಂದೊಂದರಲ್ಲಿ ಒಂದೊಂದು ಈಡಿನ ಮದ್ದು. ಬಾಯಿ ಹರಿದು ಮದ್ದು ನೇರ ನಳಿಗೆಗೆ ಸುರಿಯೋದು, ಉಳಿದ ಕಾಗದ ಮುದುಡಿ ಅದರ ಮೇಲೆ ಜಡಿಯೋದು.

ಮೊದಲ ಈಡು ಚೆನ್ನಾಗೇ ಹೋಯ್ತು. ಹಂದಿ ಓಡಿದವು, ಸ್ವಲ್ಪ ಹೊತ್ತಿಗೆ ಹೊಲದ ಇನ್ನೊಂದು ಮೂಲೆಯಲ್ಲಿ ಮತ್ತೆ ಸದ್ದು. ನಾನು ಮುಂದಿನ ಕೊಳವೆ ಹರಿದೆ. ಕೆಳಗಿಂದ ಕಾಕಾ ಕೂಗಿದ್ರು, "ತಡೀಯೋ ತಮ್ಮಾ, ಮೊದಲ ಹಸಿ ಅರಿವಿ ಹಾಕು." ನಾನು ಕೇಳಲಿಲ್ಲ. ಮದ್ದು ಸುರಿಯೋವಾಗಲೇ ಭುಸ್ ಅಂತ ನಳಿಗೆ ಬಾಯಿಂದ ಬೆಂಕಿ ಎದ್ದು, ಕೈಯಲ್ಲಿದ್ದ ಕೊಳವೆಯೂ ಹತ್ತಿಕೊಂಡಿತು.

ಇದು ಯಾಕಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ವಿಡಿಯೋದವರು ಇದನ್ನ ಒಂದೇ ಮಾತಲ್ಲಿ ದಾಟಿಸ್ತಾರೆ. ಇಂಥ ಬಂದೂಕಿನ ನಳಿಗೆ ಹಿಂದೆ ಮುಚ್ಚಿರುತ್ತೆ. ತೆರೆದು ನೋಡೋಕಾಗಲ್ಲ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲವಾಗಿ ಹಾರಿಹೋಗಲ್ಲ. ಸ್ವಲ್ಪ ಹೊಗೆ ಜೊತೆ ಹೋಗುತ್ತೆ, ಉಳಿದದ್ದು ಮಸಿಯಾಗಿ ಒಳಗೇ ಕೂರುತ್ತೆ. ಮಳೆಗಾಲದ ಹವೆಗೆ ಆ ಮಸಿ ನೀರು ಹೀರಿ ಜಿಗುಟಾಗುತ್ತೆ. ಕಾಗದದ ಚೂರು ಅದಕ್ಕೆ ಅಂಟಿಕೊಳ್ಳುತ್ತೆ. ನೋಟ್‌ಬುಕ್ ಹಾಳೆ ದಪ್ಪ. ಅದನ್ನ ಪದರ ಪದರ ಸುತ್ತಿ ಗೋಂದು ಬೇರೆ ಹಚ್ಚಿದ್ದೆ. ಅದು ಒಮ್ಮೆಗೇ ಉರಿದು ಬೂದಿಯಾಗಲ್ಲ, ಒಳಗೊಳಗೇ ಕೆಂಡವಾಗಿ ಇರುತ್ತೆ. ಹೊರಗೆ ಹೊಗೆ ನಿಂತರೂ ತಳದಲ್ಲಿ ಅದು ಜೀವಂತ. ಅದರ ಮೇಲೆ ಹೊಸ ಮದ್ದು ಬಿದ್ದರೆ ಕೇಪೂ ಬೇಡ, ಕೇಪಿಗೆ ಬಡಿಯೋ ಕುದುರೆಯೂ ಬೇಡ. ಕಾಕಾನ ಹಸಿ ಅರಿವಿ ಆ ಕೆಂಡ ಆರಿಸೋಕೆ, ಬೀಡಿ ಹೊತ್ತು ಅದು ಸಾಯೋಕೆ. ನಾನು ಮುದುಕರ ಕಿರಿಕಿರಿ ಅಂದುಕೊಂಡಿದ್ದೆ.

ಬೆರಳಿಗಿಂತ ದುಬಾರಿ ಆದದ್ದು ಬೇರೆ. ಬಂದೂಕಿನ ಗಾಯ ಅಂದ ಕೂಡಲೇ ಆಸ್ಪತ್ರೆಯವರು ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸೋ ಮೆಡಿಕೋ-ಲೀಗಲ್ ಕೇಸ್, ಬರೆದರು, ಪೊಲೀಸರು ಬಂದರು. ಲೈಸೆನ್ಸ್ ಕಾಕಾನದು, ಹಾರಿಸಿದವನು ನಾನು. ಕಾಕಾನಿಗೆ ನೋಟಿಸ್ ಬಂತು, ಬಂದೂಕು ಠಾಣೆ ಸೇರಿತು, ಆ ವರ್ಷದ ಗೋವಿನಜೋಳ ಹಂದಿ ಹೊಟ್ಟೆ ಸೇರಿತು.

ಈಗ ನಿಮ್ಮ ಪ್ರಶ್ನೆ. ಯಾವ ಕಾಗದ ಅಂತ ಕೇಳಿದ್ದೀರಿ, ಯಾತಕ್ಕೆ ಕಾಗದ ಅಂತ ನಾನು ಕೇಳ್ತೀನಿ. 1853ರ ಎನ್‌ಫೀಲ್ಡಿನ ಕಾಡತೂಸಿನಲ್ಲಿ ಮದ್ದು, ಗುಂಡು ಎರಡೂ ಇರುತ್ತಿದ್ದವು. ಸಿಪಾಯಿ ಬಾಲ ಕಚ್ಚಿ ಹರಿದು ಮದ್ದು ಸುರೀಬೇಕು. ತಿರುಗಿಸಿ, ಜಿಡ್ಡು ಸವರಿದ ಗುಂಡಿನ ತುದಿಯನ್ನ ಕಾಗದ ಸಮೇತ ನಳಿಗೆಗೆ ತೂರಬೇಕು, ಉಳಿದ ಕಾಗದ ಕಿತ್ತೆಸೆದು ಜಡೀಬೇಕು. 1857ರಲ್ಲಿ ಗಲಾಟೆ ಎದ್ದದ್ದು ಆ ಜಿಡ್ಡಿಗೇ. ಇಷ್ಟೆಲ್ಲ ಯಾಕೆ? ನಿಮಿಷಕ್ಕೆ ಮೂರು ಈಡು ಹೊಡೆಯಲಿ ಅಂತ. ಎದುರಿಗೆ ಶತ್ರು ಇದ್ದಾಗಿನ ಅವಸರ ಅದು. ನಿಮ್ಮ ಹೊಲದಲ್ಲಿ ಯಾವ ದಂಡು ಬಂದಿದೆ? ಆ ಅವಸರದಲ್ಲಿ ಸಿಪಾಯಿಗಳೇ ತಪ್ಪಿದ್ದಾರೆ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧದ ಬಯಲಲ್ಲಿ ಆರಿಸಿದ 27,000ಕ್ಕೂ ಜಾಸ್ತಿ ಬಂದೂಕುಗಳಲ್ಲಿ ಸುಮಾರು 24,000 ಇನ್ನೂ ತುಂಬಿದ್ದವು. ಅದರಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು!

ಸಿಗರೇಟ್ ಕಾಗದ, ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಅದ್ದಿದ ಕಾಗದ ಪೂರ್ತಿ ಉರಿಯುತ್ತೆ ಅಂತ ಯಾರಾದ್ರೂ ಹೇಳ್ತಾರೆ. ಕೆಂಡ ಕಡಿಮೆ ಆಗುತ್ತೆ, ನಿಜ. ಆದರೆ ಹಸಿ ಅರಿವಿ ತಪ್ಪಲ್ಲ. ಅದು ತಪ್ಪಲ್ಲ ಅಂದ್ಮೇಲೆ ಕಾಗದದಿಂದ ಉಳಿಯೋ ಹೊತ್ತೆಷ್ಟು?

ಅಂದಹಾಗೆ, ನಿಮ್ಮದು ರೈಫಲ್ ಹೌದೋ ಅಲ್ವೋ ಮೊದಲು ಗೊತ್ತಾಗಲಿ. ಬೆಳೆ ರಕ್ಷಣೆಗೆ ಕೊಟ್ಟ ಕೇಪಿನ ಬಂದೂಕುಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು, ರೈಫಲಿಗಿರೋ ಸುರುಳಿ ಗೆರೆ ಇರಲ್ಲ. 1857ರ ನಂತರ ಬ್ರಿಟಿಷರು ಇಲ್ಲಿನ ಸಿಪಾಯಿಗಳಿಗೆ ಎನ್‌ಫೀಲ್ಡಿನ ಥರ ಕಾಣೋ ನುಣುಪು ನಳಿಗೆಯದೇ ಕೊಟ್ಟರು. ಇನ್ನು ಅದು 1858ರಲ್ಲಿ ಬ್ರಿಟಿಷರ ಮೇಲೆ ಎದ್ದ ನರಗುಂದದ ಬಾಬಾಸಾಹೇಬರ ಕಾಲದ್ದು ಅಂತ ನೀವು ಬರೆದ ಮಾತು. ನಿಮ್ಮ ಕಡೆ ಹಳೇ ಬಂದೂಕು ಇರೋ ಮನೆಯವರೆಲ್ಲ ಹಾಗೇ ಅಂತಾರೆ. ಆಯುಧ ಒಪ್ಪಿಸಿ ಅನ್ನೋ ಕಾಯ್ದೆಗೇ ಹಲಗಲಿ ಬೇಡರು ಎದ್ದ ಕಾಲ ಅದು, ಮನೆಯಲ್ಲಿ ಬಂದೂಕು ಉಳಿಸಿಕೊಂಡವರು ಕಡಿಮೆ. ಯಾರದ್ದೇ ಆಗಿರಲಿ, ತುಕ್ಕು ತಿಂದ ನಳಿಗೆಗೆ ಮದ್ದು ಹಾಕಬೇಡಿ. ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯಲ್ಲಿ ತೋರಿಸಿ.

ಬಂದೂಕು ವಾಪಸ್ ಬಂದ ಮೇಲೆ ಕಾಕಾ ಈಗ ಅಳೆದ ಮದ್ದನ್ನ ಈಡಿಗೊಂದರಂತೆ ಮುಚ್ಚಳದ ಸಣ್ಣ ಸೀಸೆಗಳಲ್ಲಿ ಇಡ್ತಾರೆ, ಡಬ್ಬಿಯಿಂದ ನೇರ ಸುರಿಯಲ್ಲ. ಗಜವನ್ನ ಬೆರಳ ತುದಿಯಲ್ಲಿ ಹಿಡೀತಾರೆ, ಅಂಗೈ ಮೇಲಿಟ್ಟು ಒತ್ತಲ್ಲ. ಗಜದ ಮೇಲೆ ಎರಡು ಗೆರೆ ಕೊರೆದಿದ್ದಾರೆ. ಒಂದು ಖಾಲಿ ನಳಿಗೆಯದು, ಇನ್ನೊಂದು ಒಂದು ಈಡು ತುಂಬಿದ್ದು. ಕೇಪು ಸಿಡಿದು ಈಡು ಹಾರದಿದ್ರೆ ಬಾಯಿ ಮೇಲಕ್ಕೇ ಹಿಡಿದು ಕಾಯ್ತಾರೆ, ಆಮೇಲೆ ಗಜ ಇಳಿಸಿ ಗೆರೆ ನೋಡ್ತಾರೆ.

ಇದೆಲ್ಲಕ್ಕೂ ಮುಂಚೆ ಅಜ್ಜನ ಲೈಸೆನ್ಸ್ ಪುಸ್ತಕ ಹುಡುಕಿ. ಅವರು ತೀರಿಕೊಂಡ ಮೇಲೆ ಅದು ನಿಮ್ಮದಾಗಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳೋಕೆ ಕೊಡವರಿಗಿರೋ ವಿನಾಯಿತಿ ನಮಗಿಲ್ಲ. ಬಂದೂಕನ್ನ ಠಾಣೆಗೋ ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಿ, ಡಿಸಿ ಆಫೀಸಿಗೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿ. ಹೊಲದ ಉತಾರ (ಪಹಣಿ) ಜೊತೆಗಿರಲಿ, ಬೆಳೆ ರಕ್ಷಣೆಗೆ ಅಂತ ಕೇಳೋವಾಗ ಹೊಲ ತೋರಿಸಬೇಕಲ್ಲ.