ಓದುಗರ ಪ್ರಶ್ನೆ: ಬಿಸಿ ಯಾರ್ಯಾರಿಗೆ ತಟ್ಟಿತು?

ಪ್ರಶ್ನೆ: ಸಾರ್, ತುರ್ತು ಪರಿಸ್ಥಿತಿ ಮತ್ತು ಪತ್ರಿಕೆಗಳ ಬಗ್ಗೆ ಕ್ಲಾಸಿನಲ್ಲಿ ಸೆಮಿನಾರ್ ಕೊಡಬೇಕು. ಪುಸ್ತಕಗಳಲ್ಲಿ ಬರೀ ಕಾನೂನು, ಸೆನ್ಸಾರ್, ಅಂಕಿಅಂಶ. ಪತ್ರಕರ್ತನನ್ನು ಒಳಗೆ ಹಾಕಿದರೆ ಅದರ ಬಿಸಿ ಯಾರ್ಯಾರಿಗೆ ತಟ್ಟುತ್ತದೆ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆಗ 253 ಪತ್ರಕರ್ತರನ್ನು ಬಂಧಿಸಿದರು ಅಂತ ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಅಂಕಿಗೆ ಮನೆ ಮಠ ಇರುವುದಿಲ್ಲ ನೋಡಮ್ಮ. ಒಂದೇ ಕೇಸು ಹಿಡಿದುಕೋ: ಪತ್ರಕರ್ತ ಕುಲದೀಪ್ ನಯ್ಯರ್.

1975ರ ಜೂನ್ ಕೊನೆಯಲ್ಲಿ ಅವರು ದೆಹಲಿಯ ಪ್ರೆಸ್ ಕ್ಲಬ್ಬಿನಲ್ಲಿ ನೂರಕ್ಕೂ ಹೆಚ್ಚು ಪತ್ರಕರ್ತರನ್ನು ಸೇರಿಸಿ ಸೆನ್ಸಾರ್ ವಿರುದ್ಧ ನಿರ್ಣಯ ಮಾಡಿಸಿದರು. ಜುಲೈನಲ್ಲಿ ಪೊಲೀಸರು ಮನೆಗೇ ಬಂದರು. ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆ, ತಿಹಾರ್ ಜೈಲು. ಅದೇ ದಿನಗಳಲ್ಲಿ ಅವರ ಮಾವ, ಪಂಜಾಬಿನ ಮಾಜಿ ಮುಖ್ಯಮಂತ್ರಿ ಭೀಮಸೇನ್ ಸಾಚಾರ್ ಅವರನ್ನೂ ಹಿಡಿದರು. ಸಾಚಾರ್ ಮಾಡಿದ ತಪ್ಪು? ಇಂದಿರಾ ಗಾಂಧಿಯವರಿಗೆ ಬರೆದ ಒಂದು ಕಾಗದಕ್ಕೆ ಸಹಿ ಹಾಕಿದ್ದು! ನಯ್ಯರ್ ಅವರ ಹೆಂಡತಿ ಭಾರತಿಯವರಿಗೆ ಗಂಡನೂ ಒಳಗೆ, ಅಪ್ಪನೂ ಒಳಗೆ. ಆಕೆ ಅಳುತ್ತ ಕೂರಲಿಲ್ಲ, ದೆಹಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು, ಅಂದರೆ ಬಂಧನ ಸರಿಯೋ ತಪ್ಪೋ ಕೋರ್ಟೇ ನೋಡಲಿ ಅಂತ ಕೇಳುವ ಅರ್ಜಿ.

ಇಲ್ಲಿಂದ ಮುಂದಿನದನ್ನು ಸೆಮಿನಾರಿನಲ್ಲಿ ಬಿಡಬೇಡ. ಕೇಸು ಕೈತಪ್ಪುತ್ತಿದೆ ಅಂತ ಗೊತ್ತಾದ ಸರ್ಕಾರ, ತೀರ್ಪಿಗೆ ಮೊದಲೇ, ಸೆಪ್ಟೆಂಬರಿನಲ್ಲಿ ನಯ್ಯರ್ ಅವರನ್ನು ಬಿಟ್ಟುಬಿಟ್ಟಿತು. ಆಸಾಮಿಯೇ ಹೊರಗಿದ್ದಾನೆ, ಇನ್ನು ತೀರ್ಪೇಕೆ ಅನ್ನುವ ವಾದ. ನ್ಯಾಯಮೂರ್ತಿಗಳಾದ ರಂಗರಾಜನ್ ಮತ್ತು ಅಗರ್ವಾಲ್ ಅದಕ್ಕೆ ಸೊಪ್ಪು ಹಾಕದೆ ಬಂಧನ ಕಾನೂನುಬಾಹಿರ ಅಂತಲೇ ಬರೆದರು. ಆಮೇಲೆ ರಂಗರಾಜನ್ ಅವರಿಗೆ ಗುವಾಹಟಿಗೆ ವರ್ಗ. ಅಗರ್ವಾಲ್ ಹೈಕೋರ್ಟಿನಿಂದ ಇಳಿದು ಮತ್ತೆ ಸೆಷನ್ಸ್ ಜಡ್ಜ್ ಆದರು. ಜೈಲಿಗೆ ಹೋದದ್ದು ಪತ್ರಕರ್ತ, ನೌಕರಿಯಲ್ಲಿ ಪೆಟ್ಟು ತಿಂದದ್ದು ಅವನ ಹೆಂಡತಿಯ ಮಾತಿಗೆ ಕಿವಿಗೊಟ್ಟವರು.

ಪ್ರಶ್ನೆ: ಆಗ ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟವಂತೆ, ಅದಕ್ಕೆ ಸರ್ಕಾರ ಸುಮ್ಮನಿತ್ತೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಎಲ್ಲಿಯ ಸುಮ್ಮನೆ, ಮೇಷ್ಟ್ರೇ! ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಹಾಗೆ ಬಿಟ್ಟಿತ್ತು. ಆಮೇಲೆ ಖಾಲಿ ಬಿಡಲೇಬಾರದು ಅಂತ ಸೆನ್ಸಾರ್ ನಿಯಮ ಬಂತು. ಹೋಗಲಿ, ಗಾಂಧೀಜಿಯವರದೋ ಟಾಗೋರರದೋ ನಾಲ್ಕು ಮಾತು ಹಾಕಿ ತುಂಬಿಸೋಣ ಅಂದರೆ ಅದೂ ಕೂಡದು. ಬಾಯಿ ಮುಚ್ಚಿಕೊಂಡಿದ್ದೇವೆ ಅಂತ ತೋರಿಸಿಕೊಳ್ಳುವುದಕ್ಕೂ ಪರವಾನಗಿ ಇರಲಿಲ್ಲ.